ಕತ್ತರಿ ಹೋಗದ ಜಾಗಕ್ಕೆ ಜೋಮು

ಆಪರೇಷನ್ನು ಸೊಂಟದ ಕೀಲಿಗೆ, ತೂತುಗಳು ತೊಡೆಯ ಹೊರಮಗ್ಗುಲಿಗೆ. ಜೋಮು ಹಿಡಿದಿರುವುದು ಮಾತ್ರ ಕಾಲುಸಂದಿಯಲ್ಲಿ. ಕತ್ತರಿಯೇ ಹೋಗದ ಜಾಗಕ್ಕೆ ಇದೇಕೆ? ಹೈದರಾಬಾದಿನಲ್ಲಿ ದುರ್ಬೀನ್ ಆಪರೇಷನ್ ಮಾಡಿಸಿಕೊಂಡು ಬಂದ ಅಣ್ಣನ ಮಗ, ಕಮಲಾಪುರದ ಮನೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ನನ್ನೊಬ್ಬನಿಗೆ ಹೇಳಿದ: “ಕಾಕಾ, ಅಲ್ಲಿ ಮುಟ್ಟಿದ್ರ ತಿಳಿವಲ್ದು.” ಕೆಂಪು ಬಾಳೆಯ ಗೊನೆ ಹೊತ್ತು ತಿರುಗುತ್ತಿದ್ದ ಹುಡುಗ. ಮದುವೆ ಬೇರೆ ಗೊತ್ತಾಗಿದೆ. ಡಾಕ್ಟರಿಗೆ ಹೇಳಿದ್ಯಾ ಅಂದರೆ ತಲೆ ಕೆಳಗೆ ಹಾಕಿದ.

ಅವನನ್ನು ಕರೆದುಕೊಂಡು ಹೋದಾಗ ಕಲಬುರಗಿಯಲ್ಲಿ ಎಲುಬು-ಕೀಲಿನ ಡಾಕ್ಟರೊಬ್ಬರು ಚೀಟಿಯ ಹಿಂಬದಿಗೆ ಗೆರೆ ಎಳೆದು ತೋರಿಸಿದರು. ತೊಡೆಯೆಲುಬಿನ ಗುಂಡು ತನ್ನ ಬಟ್ಟಲಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ದುರ್ಬೀನು ಒಳಗೆ ಹೋಗಲು ಸುಮಾರು 1 ಸೆಂಟಿಮೀಟರ್ ಸಂದು ಬೇಕು. ಅದಕ್ಕೆ ಪಾದವನ್ನು ಬೂಟಿನಲ್ಲಿ ಬಿಗಿದು ಕಾಲು ಜಗ್ಗುತ್ತಾರೆ. ಜಗ್ಗಿದರೆ ಮೈಯೇ ಜಾರಿ ಬರುತ್ತದಲ್ಲ? ಬರದಂತೆ ಎರಡು ತೊಡೆಗಳ ನಡುವೆ ಒಂದು ಕಂಬ. ಜಗ್ಗಿದ ಬಲ ಅಲ್ಲಿ ಬಂದು ಒತ್ತುತ್ತದೆ. ಕಾಲುಸಂದಿಯಲ್ಲಿ ಮುಟ್ಟಿದ್ದನ್ನು ತಿಳಿಸುವ ಪ್ಯುಡೆಂಡಲ್ ನರ ಕಂಬಕ್ಕೂ ಎಲುಬಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಗೊತ್ತಿದ್ದೂ ಏಕೆ ಹೀಗಾಗುತ್ತದೆ? ಕಂಬ 9 ಸೆಂಟಿಮೀಟರಿಗಿಂತ ದಪ್ಪವಿರಬೇಕು, ಸುತ್ತ ಮೆತ್ತೆ ಇರಬೇಕು, ನಟ್ಟನಡುವೆ ಇಡದೆ ಆಪರೇಷನ್ ಆಗುವ ತೊಡೆಯ ಕಡೆ ಸರಿಸಬೇಕು. ಅರಿವಳಿಕೆಯವರು ಸ್ನಾಯುಗಳನ್ನು ಪೂರ್ತಿ ಸಡಿಲಿಸಿದರೆ ಕಡಿಮೆ ಜಗ್ಗಿದರೂ ಸಂದು ಬಿಡುತ್ತದೆ. ಜಗ್ಗುವ ಹೊತ್ತು 2 ಗಂಟೆ ದಾಟಬಾರದು. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಜೋಮು ಹಿಡಿಯುತ್ತದೆ. ಬಹುತೇಕರಿಗೆ ಕೆಲವು ವಾರಗಳಲ್ಲಿ, ಇಲ್ಲವೇ ತಿಂಗಳುಗಳಲ್ಲಿ ಬಿಡುತ್ತದೆ ಎಂದು ಡಾಕ್ಟರು ಹೇಳಿದಾಗ ಹುಡುಗ ಮೊದಲ ಸಲ ತಲೆ ಎತ್ತಿದ.

ಕಂಬವೇ ಬೇಡವೆನ್ನುವವರೂ ಇದ್ದಾರೆ. ಜಾರದ ಮೆತ್ತೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ತಲೆಯ ಕಡೆ ಮೇಜನ್ನು 5ರಿಂದ 15 ಡಿಗ್ರಿ ತಗ್ಗಿಸುತ್ತಾರೆ. ಮೈಭಾರವೇ ಎದುರು ಜಗ್ಗುತ್ತದೆ. ಇಷ್ಟು ಸಣ್ಣ ಇಳಿಜಾರು ಆಳನ್ನು ಹಿಡಿದೀತೆ ಎಂಬುದು ನನಗಿನ್ನೂ ಸೋಜಿಗ. ಹಿಂಬದಿಯ ಸಯಾಟಿಕ್ ನರಕ್ಕೆ ಮಾತ್ರ ಇದರಿಂದ ಪೂರ್ತಿ ರಕ್ಷೆಯಿಲ್ಲ. ಅದು ಕೆಡುವುದು ಹೆಚ್ಚು ಜಗ್ಗಿದ್ದರಿಂದ; ಕೆಟ್ಟರೆ ಪಾದ ಎತ್ತಲು ಬರುವುದಿಲ್ಲ.

ಇದು ದೊಡ್ಡ ಊರಿನ ಮಾತಷ್ಟೇ ಅಲ್ಲ. ಬಚ್ಚಲಲ್ಲಿ ಜಾರಿ ಟೊಂಕದ ಎಲುಬು ಮುರಿದುಕೊಂಡ ಮುದುಕಿಯರಿಗೆ ರಾಡು ಹಾಕುವಾಗಲೂ ಇಂಥದೇ ಮೇಜು, ಇಂಥದೇ ಕಂಬ. ಅವರಲ್ಲಿ ಎಷ್ಟು ಮಂದಿ ಬಾಯಿ ಬಿಟ್ಟಾರು? ಬೆರಳು ಆಡಿಸು, ಕಾಲು ಎತ್ತು ಎಂದು ಎಲ್ಲರೂ ಕೇಳುತ್ತಾರೆ. ಕಾಲುಸಂದಿಯಲ್ಲಿ ಮುಟ್ಟಿದ್ದು ತಿಳಿಯುತ್ತದೆಯೇ, ಉಚ್ಚೆ ಸರಾಗವಾಗಿದೆಯೇ ಎಂದು ಅವತ್ತೇ ಸಂಜೆ ಪರದೆ ಎಳೆದು, ಹೆಂಗಸರನ್ನು ಹೆಂಗಸೇ, ಗಂಡಸರನ್ನು ಗಂಡಸೇ ಕೇಳಬೇಕು. ಹೀಗಾದೀತು ಎಂದು ಸಹಿ ಹಾಕಿಸಿಕೊಳ್ಳುವ ಮೊದಲೇ ಹೇಳಿರಬೇಕು.