ಬಿಸಿಲಿಗೆ ಬಾಡಿಗೆ ಬಂದಾಗ

ಮಳೆ ಕೈಕೊಟ್ಟ ಊರಿಗೆ ಬಿಸಿಲೇ ಬೆಳೆಯಾಯ್ತು ಅಂತ ಪಾವಗಡದ ಬಗ್ಗೆ ಎಲ್ಲರೂ ಹೇಳ್ತಾರೆ. ಮಾತು ನಿಜವೇ. ತುಮಕೂರು ಜಿಲ್ಲೆಯ ಈ ತಾಲ್ಲೂಕಿನಲ್ಲಿ ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಾ ಕೂರುವುದು ತಲೆಮಾರುಗಳಿಂದ ಬಂದ ಪಾಡು. ಅಲ್ಲಿನ ತಿರುಮಣಿ, ವಳ್ಳೂರು ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಮೊದಲ ಹಂತ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ತಿಯಾಯಿತು.

ಇದರ ವಿಶೇಷ ಅಂದ್ರೆ, ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಹೆಚ್ಚಳ. ಒಡೆತನ ರೈತರದ್ದೇ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮಧುಗಿರಿ ಕಡೆ ನಮಗೆ ಆರು ಎಕರೆ ಜಮೀನಿದೆ. ನಮ್ಮ ಕಡೆಗೂ ಸೋಲಾರ್‌ಗೆ ಜಾಗ ಕೇಳುವವರು ಬರತೊಡಗಿದ ಮೇಲೆ ಅಪ್ಪ ಫೋನ್ ಮಾಡಿ, "ನೀನು ಇಂಜಿನಿಯರ್ ಅಲ್ವಾ, ಲೆಕ್ಕ ಹಾಕಿ ಹೇಳು" ಅಂದ್ರು.

ಮೊದಲು ದುಡ್ಡಿನ ಲೆಕ್ಕ. ಪಾವಗಡದ ದರವೇ ಸಿಕ್ಕರೆ ಆರು ಎಕರೆಗೆ ವರ್ಷಕ್ಕೆ 1,26,000 ರೂಪಾಯಿ. ಒಳ್ಳೆ ಮಳೆ ಬಂದ ವರ್ಷವೂ ಖರ್ಚು ಕಳೆದು ನಮಗೆ ಅಷ್ಟು ಉಳಿದಿಲ್ಲ. ಆದರೆ ಎರಡು ವರ್ಷಕ್ಕೆ ಶೇ. 5 ಅಂದ್ರೆ ವರ್ಷಕ್ಕೆ ಎರಡೂವರೆಯೂ ಇಲ್ಲ. ಗುತ್ತಿಗೆ 28 ವರ್ಷದ್ದಾದರೆ ಕೊನೆಗೆ ಎಕರೆಗೆ ಸಿಗೋದು 39,600ರ ಆಸುಪಾಸು. ಅಷ್ಟು ಹೊತ್ತಿಗೆ ಬೇಳೆಕಾಳು, ಆಸ್ಪತ್ರೆ ಖರ್ಚು ಎರಡು ಪಟ್ಟಿಗೇ ನಿಂತಿರುತ್ತಾ?

ಎರಡನೆಯದು ಕರೆಂಟಿನ ಲೆಕ್ಕ. ನಗರದಲ್ಲಿ ನಾವು ಸಂಜೆ ಏಳಕ್ಕೆ ಲೈಟು, ಟಿವಿ, ಮಿಕ್ಸಿ ಹಾಕೋ ಹೊತ್ತಿಗೆ ಪ್ಯಾನೆಲ್‌ಗಳು ಮಲಗಿರುತ್ತವೆ. ಆಗ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು ಬೇಕೇ ಬೇಕು. ಹಾಗಂತ ಸೋಲಾರ್ ದಂಡ ಅಲ್ಲ. ಹಗಲು ಅದು ಕೊಟ್ಟಷ್ಟು ಕರೆಂಟಿಗೆ ಲಿಂಗನಮಕ್ಕಿಯ ನೀರನ್ನು ಸಂಜೆಗೆ ಉಳಿಸಬಹುದು, ಕಲ್ಲಿದ್ದಲನ್ನು ಕಡಿಮೆ ಸುಡಬಹುದು. ಹೊಗೆಯಿಲ್ಲದ ಈ ವಿದ್ಯುತ್ ದೇಶಕ್ಕೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಇಷ್ಟನ್ನೂ ಅಪ್ಪನಿಗೆ ವಿವರಿಸಿದೆ. ಪಕ್ಕದಲ್ಲಿದ್ದ ಅಮ್ಮ ಒಂದೇ ಪ್ರಶ್ನೆ ಕೇಳಿದ್ರು: "ಕಳೆ ಕೀಳೋಕೆ ಬರೋರು ಏನು ಮಾಡ್ಬೇಕು?"

ನನ್ನ ಎಕ್ಸೆಲ್ ಹಾಳೆಯಲ್ಲಿ ಅವರಿಗೆ ಕಾಲಂ ಇರಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವ ಮೂರು ಮನೆಯವರಿಗೆ ತುಂಡು ಭೂಮಿಯೂ ಇಲ್ಲ. ಗುತ್ತಿಗೆ ಹಣ ಪಹಣಿ ಇದ್ದವರಿಗೆ ಬರುತ್ತೆ. ಕೂಲಿ ಮಾಡುವವರ, ಕುರಿ ಮೇಯಿಸುವವರ ಕೈಯಲ್ಲಿ ಯಾವ ಕಾಗದವಿದೆ? ಪಾವಗಡದಲ್ಲೂ ಭೂಮಿಯಿಲ್ಲದವರ ಅಳಲು ಇದೇ. ಪ್ಯಾನೆಲ್ ಒರೆಸೋದು, ಹುಲ್ಲು ತೆಗೆಯೋದು, ಕಾವಲು ಕಾಯೋದು ಇಂಥ ಕೆಲಸಗಳಿವೆ. ಆದರೆ ಹೊಲಗಳಲ್ಲಿ ಸಿಗುತ್ತಿದ್ದಷ್ಟು ಕೈಗಳಿಗೆ ಅಲ್ಲಿ ಕೆಲಸವಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪ್ಯಾನೆಲ್‌ಗಳ ಕೆಳಗಿನ ಹುಲ್ಲಿಗೆ ಕುರಿಗಳನ್ನೇ ಬಿಡ್ತಾರೆ. ನಮ್ಮಲ್ಲೂ ಯಾಕಾಗಬಾರದು?

ಸದ್ಯಕ್ಕೆ ನಮ್ಮನೆಯಲ್ಲಿ ಒಪ್ಪಿಕೊಂಡಿರೋದು ಇಷ್ಟು: ನಾಲ್ಕು ಎಕರೆ ಕೊಡೋದು, ಬೋರ್‌ವೆಲ್ ಇರುವ ಎರಡು ಎಕರೆ ಉಳಿಸಿಕೊಂಡು ಬೆಳೆ ಇಡೋದು. ಬಾಡಿಗೆ ಹೆಚ್ಚಳ, ಅವಧಿ ಮುಗಿದ ಮೇಲೆ ಪ್ಯಾನೆಲ್, ಕಾಂಕ್ರೀಟ್ ತೆಗೆದುಕೊಡುವ ಜವಾಬ್ದಾರಿ, ಊರಿನ ಕೂಲಿಯವರಿಗೆ ಮೊದಲ ಕೆಲಸ, ಇವೆಲ್ಲ ಬಾಯಿಮಾತಲ್ಲ, ಕರಾರಿನಲ್ಲೇ ಇರಬೇಕು ಅಂತ ಅಪ್ಪ ಕೇಳಲಿದ್ದಾರೆ. ಅಕ್ಕಪಕ್ಕದ ಹೊಲದವರನ್ನೂ ಜೊತೆಗೆ ಸೇರಿಸಿಕೊಂಡಿದ್ದಾರೆ. ಒಬ್ಬರೇ ಕೇಳಿದರೆ ಯಾರು ಕಿವಿಗೊಡ್ತಾರೆ?

ನಿಮ್ಮೂರಿಗೂ ಜಮೀನು ಕೇಳಿಕೊಂಡು ಬಂದರೆ, ಸಹಿಗೆ ಮುಂಚೆ ಮನೆಯವರೆಲ್ಲ ಕೂತು ಈ ಮೂರೂ ಲೆಕ್ಕ ಹಾಕಿ. ಮೂರನೆಯದಕ್ಕೆ ಕಂಪ್ಯೂಟರ್ ಬೇಕಿಲ್ಲ. ನಿಮ್ಮ ಹೊಲಕ್ಕೆ ಕೂಲಿಗೆ ಬರುವವರನ್ನೇ ಕರೆದು ಕೂರಿಸಿ ಕೇಳಿದರೆ ಸಾಕು.