ರುಚಿ ನೋಡುವವರು ಅಡಿಗೆಮನೆಗೆ ಹೋದಾಗ

ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದು ಎರಡನೆಯದಕ್ಕೆ ಎಲೆ ಹಾಕುವಾಗ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಅಡಿಗೆಯವರನ್ನು ಕೇಳಿ ಪ್ರಯೋಜನವಿಲ್ಲ. ಸರಿಯಾಗಿದೆ ಎಂದೇ ಹೇಳುತ್ತಾರೆ. ಬೀಗರನ್ನು ಕೇಳುವ ಹಾಗೂ ಇಲ್ಲ; ಸರಿಯಾಗಿದ್ದರೂ ಇಲ್ಲವೆನ್ನುತ್ತಾರೆ. ಇಂಥ ಹೊತ್ತಿಗೆಂದೇ ಪ್ರತಿಯೊಂದು ಬಳಗದಲ್ಲೂ ಒಬ್ಬ ಹಿರಿಯರಿರುತ್ತಾರೆ. ಅಂಗೈಗೆ ಎರಡು ತೊಟ್ಟು ಹಾಕಿಸಿಕೊಂಡು, ಕಣ್ಣು ಮುಚ್ಚಿ, ‘ಒಂದು ಹಿಡಿ ಹಾಕಿ’ ಎಂದೋ ‘ಮುಟ್ಟಬೇಡಿ’ ಎಂದೋ ಅಪ್ಪಣೆ ಕೊಡುತ್ತಾರೆ. ಅವರ ಮಾತಿಗೆ ಬೆಲೆ ಬಂದಿರುವುದು ನಾಲಗೆಯ ಸೂಕ್ಷ್ಮದಿಂದ ಮಾತ್ರವಲ್ಲ. ಸಾರು ಹೇಗಿದ್ದರೂ ಅವರಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಕಂಪ್ಯೂಟರಿನ ವಿಷಯದಲ್ಲಿ ನನಗೂ ಇಂಥ ಹಿರಿಯರೊಬ್ಬರು ಸಿಕ್ಕಿದ್ದರು. ಹಿರಿಯರೆಂದೆ, ವಯಸ್ಸಿನಲ್ಲಿ ಅವರು ನನ್ನ ಮಕ್ಕಳ ಓರಗೆಯವರು. ಹೆಸರು ಆನಂದ್ ಲಾಲ್ ಶಿಂಪಿ. ಅಮೆರಿಕದ ಉತ್ತರ ಕೆರೊಲಿನಾದ ರ‍್ಯಾಲಿ ಎಂಬ ಊರಿನಲ್ಲಿ, ೧೯೯೭ರ ಏಪ್ರಿಲಿನಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಕಂಪ್ಯೂಟರಿನ ಬಿಡಿಭಾಗಗಳನ್ನು ಪರೀಕ್ಷಿಸಿ ಬರೆಯಲು ತೊಡಗಿದರು. ಮೊದಲು ಕೈಗೆತ್ತಿಕೊಂಡದ್ದು ಎಎಂಡಿ ಕಂಪನಿಯ ಕೆ೬ ಪ್ರೊಸೆಸರು. ಹುಡುಗನ ಆ ಹವ್ಯಾಸವೇ ಬೆಳೆದು ‘ಆನಂದ್‌ಟೆಕ್’ ಎಂಬ ಅಂತರ್ಜಾಲ ಪತ್ರಿಕೆಯಾಯಿತು.

ಅದರ ಪರಿಚಯ ಮಾಡಿಸಿದವನು ನನ್ನ ತಂಗಿಯ ಮಗ. ನನ್ನ ಹಳೆಯ ಕಂಪ್ಯೂಟರು ಬೆಳಿಗ್ಗೆ ಗುಂಡಿ ಒತ್ತಿದರೆ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಏಳುತ್ತಿತ್ತು. ‘ಮಾಮ, ಹೊಸದು ಬೇಡ. ಒಳಗಿನ ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿಸು. ಆದರೆ ಇದನ್ನು ಓದದೆ ಅಂಗಡಿಗೆ ಹೋಗಬೇಡ’ ಎಂದು ೨೦೦೯ರ ಮಾರ್ಚಿನ ಒಂದು ಲೇಖನ ತೆರೆದುಕೊಟ್ಟ. ಓದಲು ನನಗೆ ಎರಡು ರಾತ್ರಿ ಹಿಡಿಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನಾದರೂ, ಇಷ್ಟು ತಾಳ್ಮೆಯಿಂದ ಯಾವ ವಿದ್ಯಾರ್ಥಿಗೂ ನಾನು ಪಾಠ ಹೇಳಿರಲಿಲ್ಲ.

ಅದರ ತಿರುಳು ಇಷ್ಟು. ತಿರುಗುವ ತಟ್ಟೆಯಿಲ್ಲದ ಈ ಹೊಸ ಡ್ರೈವುಗಳ ಪೆಟ್ಟಿಗೆಯ ಮೇಲೆ ವೇಗದ ಅಂಕಿಗಳು ದಪ್ಪಕ್ಷರದಲ್ಲಿರುತ್ತಿದ್ದುವು. ಆ ಅಂಕಿ ದೊಡ್ಡ ಕಡತವೊಂದನ್ನು ಸಾಲಾಗಿ ಓದುವ, ಬರೆಯುವ ವೇಗ. ಆದರೆ ನಾವು ಕಂಪ್ಯೂಟರು ಬಳಸುವಾಗ ಅದು ಬರೆಯುವುದು ಬಹುಮಟ್ಟಿಗೆ ಅಲ್ಲಷ್ಟು ಇಲ್ಲಷ್ಟು ಚೂರುಚೂರಾಗಿ. ಅಗ್ಗದ ಡ್ರೈವುಗಳು ಆ ಚಿಲ್ಲರೆ ಕೆಲಸದಲ್ಲಿ ಉಸಿರುಕಟ್ಟಿ ನಿಲ್ಲುತ್ತಿದ್ದುವು. ಓಸಿಜೆಡ್ ಕಂಪನಿಯ ‘ವರ್ಟೆಕ್ಸ್’ ಎಂಬ ಡ್ರೈವಿನಲ್ಲೂ ಶಿಂಪಿಯವರು ಮೊದಲು ಈ ದೋಷ ಕಂಡರು. ಕಂಪನಿಯ ಮುಖ್ಯಸ್ಥರಿಗೇ ತಿಳಿಸಿದರು. ಕಂಪನಿಯವರು ಡ್ರೈವನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು ತಿದ್ದಿ, ಪೆಟ್ಟಿಗೆಯ ಮೇಲಿನ ಅಂಕಿ ತಗ್ಗಿದರೂ ಚಿಂತೆಯಿಲ್ಲ, ಬಳಸುವವನಿಗೆ ತಡೆಯಾಗಬಾರದು ಎಂಬ ಹಾದಿಗೆ ಬಂದರು. ಒಬ್ಬ ವಿಮರ್ಶಕನ ಮಾತಿಗೆ ಕಾರ್ಖಾನೆ ತಲೆಬಾಗಿದ್ದನ್ನು ಓದಿ ನನಗೇ ಬಹುಮಾನ ಬಂದಷ್ಟು ಸಂತೋಷವಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಎಲ್ಲಾ ಒಂದೇ ಸಾರ್, ಇದು ಕಮ್ಮಿ ರೇಟು’ ಎಂದು ಹುಡುಗ ಒಂದನ್ನು ಮುಂದೆ ತಳ್ಳಿದಾಗ, ‘ಒಂದೇ ಅಲ್ಲಪ್ಪ’ ಎಂದು ನಾನು ಅಧಿಕಾರವಾಣಿಯಿಂದ ನುಡಿದೆ. ಅಧಿಕಾರ ನನ್ನದಲ್ಲ, ಎರವಲು ತಂದದ್ದು.

ಇಂಥವರು ಅವರೊಬ್ಬರೇ ಅಲ್ಲ. ‘ಟೆಕ್ ರಿಪೋರ್ಟ್’ ಪತ್ರಿಕೆಯ ಸ್ಕಾಟ್ ವಾಸನ್ ೨೦೧೧ರಲ್ಲಿ ಇನ್ನೊಂದು ಹಳೆಯ ಅಳತೆಗೋಲನ್ನು ಮುರಿದರು. ಕಂಪ್ಯೂಟರು ಆಟದ ಚಿತ್ರಗಳನ್ನು ಸೆಕೆಂಡಿಗೆ ಸರಾಸರಿ ಎಷ್ಟು ಮೂಡಿಸುತ್ತದೆ ಎಂದು ಎಲ್ಲರೂ ಎಣಿಸುತ್ತಿದ್ದರು. ನಮ್ಮ ಬಡಾವಣೆಗೂ ಸರಾಸರಿ ಹತ್ತು ನಿಮಿಷಕ್ಕೊಂದು ಬಸ್ಸು ಬರುತ್ತದೆ. ಆರು ಬಸ್ಸು ಒಟ್ಟಿಗೆ ಬಂದು ಆಮೇಲೆ ಒಂದು ಗಂಟೆ ಬಾರದಿದ್ದರೂ ಸರಾಸರಿಗೆ ಕುಂದಿಲ್ಲ. ಸೆಕೆಂಡಿಗೆ ಅರವತ್ತು ಚಿತ್ರವೆಂದರೆ ಒಂದೊಂದಕ್ಕೆ ೧೬.೭ ಮಿಲಿಸೆಕೆಂಡು, ಯಾವ ಚಿತ್ರ ಎಷ್ಟು ತಡವಾಗಿ ಬಂತೆಂದು ಒಂದೊಂದನ್ನೂ ಅಳೆಯಿರಿ ಎಂದರು ವಾಸನ್. ಅಳೆದಾಗ ಸರಾಸರಿಯ ಮರೆಯಲ್ಲಿ ಅಡಗಿದ್ದ ಮುಗ್ಗರಿಕೆಗಳೆಲ್ಲ ಹೊರಬಿದ್ದುವು.

೨೦೧೩ರ ಜುಲೈನಲ್ಲಿ ಆನಂದ್‌ಟೆಕ್ ಇನ್ನೊಂದನ್ನು ತೋರಿಸಿಕೊಟ್ಟಿತು. ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್೪ ಫೋನಿನ ಒಂದು ಮಾದರಿಯಲ್ಲಿ, ಚಿತ್ರಗಳನ್ನು ನೋಡಿಕೊಳ್ಳುವ ಚಿಪ್ಪಿನ ಭಾಗ ವೇಗ ಪರೀಕ್ಷೆಯ ಕೆಲವು ತಂತ್ರಾಂಶಗಳು ಬಂದಾಗ ೫೩೩ ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಜನ ಆಡುವ ಆಟಗಳಿಗೆ ೪೮೦ರಲ್ಲೇ ನಿಲ್ಲುತ್ತಿತ್ತು. ಅಂಕಿ ಹಿಗ್ಗಿಸುವುದಕ್ಕಾಗಿ ಹಾಗೆ ಮಾಡಿಲ್ಲವೆಂದು ಕಂಪನಿ ಹೇಳಿತು. ನನಗೆ ಮಾತ್ರ ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಪ್ರೈಮರಿ ಶಾಲೆಗೆ ತೋರಣ ಕಟ್ಟುತ್ತಿದ್ದುದು ನೆನಪಾಯಿತು.

ಹೀಗಿರಲು ೨೦೧೪ರ ಆಗಸ್ಟ್ ಕೊನೆಗೆ ಶಿಂಪಿಯವರು ಓದುಗರಿಗೆ ವಿದಾಯ ಹೇಳಿ, ಪತ್ರಿಕೆಯನ್ನು ರಯಾನ್ ಸ್ಮಿತ್ ಎಂಬ ಸಹೋದ್ಯೋಗಿಗೆ ಒಪ್ಪಿಸಿದರು. ಎಲ್ಲಿಗೆ ಹೋಗುತ್ತಿದ್ದೇನೆಂದು ಆ ಲೇಖನದಲ್ಲಿ ಬರೆದಿರಲಿಲ್ಲ. ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ತಾನೇ ಎಂದು ಆ್ಯಪಲ್ ಕಂಪನಿ ಒಪ್ಪಿಕೊಂಡಿತು. ವಾಸನ್ ಮರುವರ್ಷದ ಕೊನೆಯಲ್ಲಿ ಎಎಂಡಿಗೆ ಹೋಗುವ ಸುದ್ದಿ ಬಂತು. ೨೦೧೮ರಲ್ಲಿ ‘ಪಿಸಿ ಪರ್‌ಸ್ಪೆಕ್ಟಿವ್’ನ ರಯಾನ್ ಶ್ರೌಟ್ ಇಂಟೆಲ್‌ಗೆ ಹೋದರು.

‘ಮಾರಿಕೊಂಡುಬಿಟ್ಟರು ಮಾಮ’ ಎಂದ ನನ್ನ ಸೋದರಳಿಯ. ಅವನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ನಾನು ‘ಹಾಗೆಲ್ಲ ಅನ್ನಬಾರದು’ ಎಂದು ಮಾತು ತಿರುಗಿಸಿದೆ. ತಿರುಗಿಸಿದ್ದಕ್ಕೆ ಕಾರಣವಿತ್ತು, ಅದನ್ನು ಇಲ್ಲಿಯವರೆಗೆ ಯಾರೊಡನೆಯೂ ಹೇಳಿಲ್ಲ.

ಹಿಂದೆ ನಾನೂ ಒಂದು ವಾರಪತ್ರಿಕೆಗೆ ಹನ್ನೊಂದು ವರ್ಷ ವಿಜ್ಞಾನದ ಪುಸ್ತಕಗಳ ವಿಮರ್ಶೆ ಬರೆದೆ. ಸಂಭಾವನೆ ತಿಂಗಳ ಕಾಫಿಪುಡಿಗೆ ಸಾಲುತ್ತಿತ್ತು, ಸಕ್ಕರೆಗೆ ಸಾಲುತ್ತಿರಲಿಲ್ಲ. ಆದರೆ ಯಾವ ಊರಿಗೆ ಹೋದರೂ ಒಬ್ಬಿಬ್ಬರು ಮೇಷ್ಟರು ಹುಡುಕಿಕೊಂಡು ಬಂದು, ‘ನೀವು ಬರೆದ ಮೇಲೆ ಆ ಪುಸ್ತಕ ತರಿಸಿದೆವು’ ಎನ್ನುತ್ತಿದ್ದರು. ಮಗಳನ್ನು ಎಂಜಿನಿಯರಿಂಗಿಗೆ ಸೇರಿಸಿದ ವರ್ಷ ಪ್ರಕಾಶಕರೊಬ್ಬರು ಮನೆಗೆ ಬಂದರು. ‘ನಮ್ಮ ಪುಸ್ತಕಗಳ ತಪ್ಪನ್ನು ಅಚ್ಚಾದ ಮೇಲೆ ಎತ್ತಿ ತೋರಿಸುತ್ತೀರಿ. ಅಚ್ಚಾಗುವ ಮೊದಲೇ ತೋರಿಸಬಾರದೇ?’ ಎಂದರು. ಸಲಹೆಗಾರನ ಕೆಲಸ, ತಿಂಗಳಿಗೆ ನನ್ನ ಸಂಬಳದ ಅರ್ಧ. ಒಪ್ಪಿಕೊಂಡೆ. ನ್ಯಾಯವಾಗಿ ಹೇಳಬೇಕೆಂದರೆ ಅವರ ಪುಸ್ತಕಗಳು ಆಮೇಲೆ ನಿಜವಾಗಿಯೂ ಚೆನ್ನಾದುವು. ಗುರುತ್ವಾಕರ್ಷಣೆಯನ್ನು ಕುರಿತ ಒಂದು ಅಧ್ಯಾಯವನ್ನು ಮೂರು ಸಲ ಬರೆಸಿದೆ. ಯಾವ ಪುಸ್ತಕವನ್ನು ಹೊಗಳೆಂದೂ ಅವರು ಒಂದು ದಿನವೂ ಹೇಳಲಿಲ್ಲ.

ಹೇಳುವ ಅಗತ್ಯವೇ ಬರಲಿಲ್ಲ. ಒಪ್ಪಿಕೊಂಡ ಮಾರನೆಯ ವಾರ ಬೇರೊಬ್ಬರ ಪ್ರಕಟಣೆ ವಿಮರ್ಶೆಗೆ ಬಂತು. ರಾತ್ರಿ ಕುಳಿತು ಓದಿದೆ. ಪೆನ್ನು ಹಿಡಿದೆ. ತೆಗಳಿದರೆ ಪ್ರತಿಸ್ಪರ್ಧಿಯನ್ನು ತುಳಿದನೆನ್ನುತ್ತಾರೆ. ಹೊಗಳಿದರೆ ಸಂಬಳ ಕೊಡುವವರ ಎದುರು ನಿಂತಂತೆ. ‘ಪುರಸೊತ್ತಿಲ್ಲ’ ಎಂದು ಚೀಟಿ ಬರೆದು ಪುಸ್ತಕವನ್ನು ಸಂಪಾದಕರಿಗೆ ಹಿಂದಕ್ಕೆ ಕಳಿಸಿದೆ. ಆಮೇಲೆ ಬಂದವನ್ನೂ ಹಾಗೆಯೇ ಕಳಿಸಿದೆ. ಸುಳ್ಳೊಂದನ್ನೂ ಬರೆಯಲಿಲ್ಲ, ಬರೆಯುವುದನ್ನೇ ಬಿಟ್ಟೆ.

ಆದ್ದರಿಂದ ಶಿಂಪಿಯವರು ಮಾರಿಕೊಂಡರೆಂದು ನಾನು ಹೇಳಲಾರೆ. ಇನ್ನೊಬ್ಬರ ಯಂತ್ರವನ್ನು ಅಳೆದು ಅಳೆದು ದಣಿದವನಿಗೆ, ಒಮ್ಮೆಯಾದರೂ ಯಂತ್ರ ಹುಟ್ಟುವ ಮನೆಯೊಳಗೆ ನಿಲ್ಲಬೇಕೆನ್ನಿಸುವುದು ಸಹಜ. ೨೦೧೮ರಲ್ಲಿ ‘ಆರ್ಸ್ ಟೆಕ್ನಿಕಾ’ ಪತ್ರಿಕೆಯವರು ಐಪ್ಯಾಡ್ ಪ್ರೊದ ಹೊಸ ಚಿಪ್ಪಿನ ವಿಷಯ ಕೇಳಲು ಹೋದಾಗ, ಆ್ಯಪಲ್‌ನ ಫಿಲ್ ಶಿಲ್ಲರ್ ಜೊತೆಗೆ ಉತ್ತರ ಹೇಳಲು ಕುಳಿತವರು ಶಿಂಪಿ. ಪ್ರಶ್ನೆ ಕೇಳುವ ಕುರ್ಚಿಯಿಂದ ಉತ್ತರ ಹೇಳುವ ಕುರ್ಚಿಗೆ ಬಂದಿದ್ದರು. ಅವರ ಜ್ಞಾನ ಹೆಚ್ಚಿರಬಹುದು, ಕಡಿಮೆಯಾಗಿರಲಾರದು. ಆದರೆ ಮೊದಲು ಅದು ಕೇಳಿದವರಿಗೆಲ್ಲ ಸಲ್ಲುತ್ತಿತ್ತು. ಈಗ ಒಂದು ಮನೆಯ ಉಗ್ರಾಣ ಸೇರಿತ್ತು. ಬೇರೆ ಹತ್ತು ಕಂಪನಿಗಳ ಯಂತ್ರಗಳ ಬಗ್ಗೆ ಅವರಿಂದ ಒಂದು ಮಾತು ಕೇಳುವ ದಾರಿ ನಮಗೆ ಮುಚ್ಚಿತು.

ಸೋದರಳಿಯನನ್ನು ಒಂದು ಮಾತು ಕೇಳಿದೆ: ‘ಅಷ್ಟು ವರ್ಷ ಓದಿದೆಯಲ್ಲ, ಎಷ್ಟು ಕೊಟ್ಟೆ?’ ಅವನು ನಕ್ಕ. ಅವನೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ. ಪತ್ರಿಕೆ ನಡೆದದ್ದು ಜಾಹೀರಾತಿನ ಹಣದಿಂದ. ಅದನ್ನೂ ಕಣ್ಣಿಗೆ ಬೀಳದಂತೆ ಮರೆಮಾಡಲು ಅವನ ಬಳಿ ಉಪಾಯವಿತ್ತು. ಮದುವೆಮನೆಯ ಹಿರಿಯರಿಗಾದರೂ ನಾವು ಒಂದು ಎಲೆ ಹಾಕಿ ಊಟ ಬಡಿಸುತ್ತೇವೆ.

೨೦೨೪ರ ಆಗಸ್ಟ್ ೩೦ರಂದು, ಶಿಂಪಿಯವರು ಹೋಗಿ ಹತ್ತು ವರ್ಷ ತುಂಬುವ ಹೊತ್ತಿಗೆ, ಆನಂದ್‌ಟೆಕ್ ನಿಂತುಹೋಯಿತು. ಎಎಂಡಿಯ ಒಂದು ಪ್ರೊಸೆಸರಿನ ವಿಮರ್ಶೆಯಿಂದ ಹೊರಟ ಪಯಣ ಎಎಂಡಿಯ ಪ್ರೊಸೆಸರಿನ ವಿಮರ್ಶೆಯಲ್ಲೇ ಮುಗಿಯಿತೆಂದು ರಯಾನ್ ಸ್ಮಿತ್ ಬೀಳ್ಕೊಡುಗೆಯಲ್ಲಿ ಬರೆದರು. ಅದನ್ನೋದಿದ ರಾತ್ರಿ ನಾನು ಹಳೆಯ ಕಾಗದಗಳ ಪೆಟ್ಟಿಗೆ ತೆಗೆದೆ. ನಾನು ವಿಮರ್ಶೆ ನಿಲ್ಲಿಸಿದ ವರ್ಷ ಹಳ್ಳಿಯ ಹೈಸ್ಕೂಲಿನ ಮೇಷ್ಟರೊಬ್ಬರು ಬರೆದ ಕಾರ್ಡು ಅದರಲ್ಲಿದೆ. ‘ಲೈಬ್ರರಿಗೆ ಈ ಸಲ ಒಂದೇ ಪುಸ್ತಕಕ್ಕೆ ಹಣವಿದೆ. ತಾವು ಬರೆಯುವುದನ್ನು ನಿಲ್ಲಿಸಿದ್ದೀರಿ. ಯಾವುದನ್ನು ತರಿಸಲಿ?’ ಎಂದು ಕೇಳಿದ್ದಾರೆ. ಆಗ ನಾನು ಉತ್ತರ ಬರೆಯಲಿಲ್ಲ. ಆ ವರ್ಷ ಬಂದ ಪುಸ್ತಕಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿತ್ತೆಂಬುದು ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಅದು ನಮ್ಮ ಪ್ರಕಾಶಕರದಾಗಿರಲಿಲ್ಲ.