ಸುಬ್ಬಿಗೊಂದು ಮರ: ಮಾರ್ಕೆಟ್‌ನಿಂದ ಬಂಬೂ ಬಜಾರ್‌ವರೆಗೆ

ಬೆಂಗಳೂರಲ್ಲಿ ಬೆಕ್ಕಿಗೆ ಹತ್ತೋಕೊಂದು ಮರ ಬೇಕು ಅಂದ್ರೆ ಎರಡು ದಾರಿ ಇವೆ. ಒಂದು, ಫೋನ್ ತೆಗೆದು ‘ಕ್ಯಾಟ್ ಟ್ರೀ’ ಅಂತ ಹುಡುಕೋದು. ಇನ್ನೊಂದು, ಹಸಿರು ಲೈನಿನ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್ ಸ್ಟೇಷನ್ನಲ್ಲಿ ಇಳಿಯೋದು. ಮೊದಲನೇ ದಾರಿಯಲ್ಲಿ ಮನೆಗೆ ಬರೋದು ಹೆಚ್ಚಾಗಿ ರಟ್ಟಿನ ಕೊಳವೆ, ಅದಕ್ಕೆ ಸುತ್ತಿದ ತೆಳು ಹಗ್ಗ, ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೊಂದು ಮೆತ್ತನೆ ಬಟ್ಟೆ. ಮರಿಗಳಿಗೆ ಅದು ಸಾಕು. ನಾಲ್ಕೂವರೆ ಕೆ.ಜಿ.ಯ ಮಲೆನಾಡ ಬೆಕ್ಕು ನೆಲದಿಂದ ಹಾರಿ ಮೇಲೆ ಕೂತ್ರೆ ಅಲ್ಲಾಡುತ್ತೆ. ಒಂದು ಸಲ ಅಲ್ಲಾಡಿದ್ದನ್ನ ಬೆಕ್ಕು ಮತ್ತೆ ಸುಲಭಕ್ಕೆ ನಂಬಲ್ಲ. ಹಾಗಾಗಿ ನಾವು ಎರಡನೇ ದಾರಿ ಹಿಡಿದ್ವಿ. ನಾವು ಅಂದ್ರೆ ನಾನು, ನಮ್ಮಮ್ಮ.

ಸುಬ್ಬಿ ಅಮ್ಮನ ಬೆಕ್ಕು. ಎಂಟು ವರ್ಷ. ಅಪ್ಪ ಹೋದ ಮೇಲೆ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ ಅಮ್ಮನನ್ನ ಇಲ್ಲಿಗೆ ಕರ್ಕೊಂಡು ಬಂದಾಗ ಅದೂ ಬುಟ್ಟಿಯೊಳಗೆ ಕೂತು ಬಂತು. ಊರಲ್ಲಿ ಅದರ ಜಾಗ ಅಡುಗೆಮನೆ ಮೇಲಿನ ಅಟ್ಟ. ಒಲೆಯ ಬಿಸಿ ಮೇಲೇರುತ್ತೆ, ಯಾರು ಬಂದ್ರು ಯಾರು ಹೋದ್ರು ಎಲ್ಲ ಕಾಣುತ್ತೆ. ಇಲ್ಲಿ ಅಟ್ಟ ಎಲ್ಲಿಂದ ಬರಬೇಕು? ಸಜ್ಜಾ ಇದೆ, ಅದಕ್ಕೂ ಓನರ್ ಬಾಗಿಲು ಹಾಕಿಸಿದ್ದಾರೆ. ಗೋಡೆಗೆ ಡ್ರಿಲ್ ಮುಟ್ಟಿಸಬಾರದು ಅಂತ ಅಗ್ರಿಮೆಂಟಿನಲ್ಲೇ ಬರೆದಿದೆ. ಬಂದ ಮೂರು ವಾರ ಸುಬ್ಬಿ ಮಂಚದಡಿಯಿಂದ ಈಚೆ ಬರಲಿಲ್ಲ. ಊಟ ಎಲ್ಲ ನಾವು ಲೈಟ್ ಆರಿಸಿದ ಮೇಲೆ. ಅಮ್ಮನೂ ಅಷ್ಟೇ, ಅಡುಗೆಮನೆ ಕಿಟಕಿ ಪಕ್ಕದ ಸ್ಟೂಲ್ ಬಿಟ್ಟು ಎಲ್ಲೂ ಕೂರ್ತಿರಲಿಲ್ಲ. ಒಂದು ರಾತ್ರಿ ಅಂದಳು, “ಸುಬ್ಬಿಗೆ ಈ ಊರು ಆಗಿಬರಲ್ಲ ಕಣೋ. ನಮ್ಮನ್ನ ವಾಪಸ್ ಬಿಟ್ಬಿಡು.”

‘ನಮ್ಮನ್ನ’ ಅಂದಿದ್ದು ನಂಗೆ ಸರಿಯಾಗೇ ಕೇಳಿಸ್ತು. ಮಾರನೇ ದಿನ ಆಫೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪಿನಲ್ಲಿ ಡ್ರಾಯಿಂಗ್ ಹಾಕೋಕೆ ಕೂತೆ.

ಬೆಕ್ಕಿಗೆ ಎತ್ತರ ಅನ್ನೋದು ಶೋಕಿ ಅಲ್ಲ. ಹೊಸ ಜಾಗದಲ್ಲಿ ಹೆದರಿದ ಬೆಕ್ಕಿಗೆ ಎರಡೇ ಆಯ್ಕೆ, ಅಡಗಬೇಕು ಇಲ್ಲ ಏರಬೇಕು. ಏರೋಕೆ ಜಾಗ ಇಲ್ಲದಿದ್ರೆ ಮಂಚದಡಿಯೇ ಗತಿ. ಇನ್ನು ಉಗುರು ಕೆರೆಯೋದು. ಅದು ಸೋಫಾ ಮೇಲಿನ ಸೇಡಲ್ಲ. ಉಗುರಿನ ಹಳೇ ಹೊರಪದರ ಕಳಚಬೇಕು, ಬೆನ್ನು, ಭುಜ ಎಳೆದು ಮೈ ಮುರೀಬೇಕು, ಜೊತೆಗೆ ಪಾದದಡಿಯ ಗ್ರಂಥಿಗಳಿಂದ ತನ್ನ ವಾಸನೆ ಹಚ್ಚಿ ‘ಇದು ನಂದು’ ಅನ್ನಬೇಕು. ಹಿಂಗಾಲಲ್ಲಿ ನಿಂತು ಪೂರ್ತಿ ಮೈ ಚಾಚೋಕೆ ಕಂಬದಲ್ಲಿ ಮೂರಡಿಯಾದ್ರೂ ಹಗ್ಗ ಇರಬೇಕು, ಎಳೆದ್ರೆ ಕಂಬ ಕದಲಬಾರದು. ನನ್ನ ಡ್ರಾಯಿಂಗಿನಲ್ಲಿ ಕಂಬದ ಜಾಗಕ್ಕೆ ನಾಲ್ಕಿಂಚಿನ ಪಿವಿಸಿ ಪೈಪ್ ಇತ್ತು. ಬಹಳಷ್ಟು ಜನ ಹಾಗೇ ಮಾಡ್ತಾರೆ, ಕೆಲಸಕ್ಕೂ ಬರುತ್ತೆ. ಅಮ್ಮ ಸ್ಕ್ರೀನ್ ನೋಡಿ, “ಪೈಪ್ ಹತ್ತೋಕೆ ಅದೇನು ಹಲ್ಲಿಯಾ ಮಾರಾಯ? ಮರ ತಗೊಂಬಾ” ಅಂದಳು. ಬೆಂಗಳೂರಿಗೆ ಬಂದ ಮೇಲೆ ಅವಳು ‘ಇದು ಬೇಕು’ ಅಂತ ಕೇಳಿದ ಮೊದಲ ವಸ್ತು ಅದು. “ನೀನೇ ಬಂದು ಆರಿಸು” ಅಂದೆ.

ಶನಿವಾರ ಬೆಳಗ್ಗೆ ಎಂಟಕ್ಕೆ ಮಾರ್ಕೆಟ್. ಐಟಿ ಕೆಲಸಕ್ಕೆ ಅಂತ ಈ ಊರಿಗೆ ಬಂದು ಎಂಟು ವರ್ಷ ಆದ್ರೂ ನಾನು ಈ ಕಡೆ ಬಂದಿದ್ದು ಬೆರಳೆಣಿಕೆ ಸಲ, ಅದೂ ದಸರಾ ಹೂವಿಗೆ. ಮೊದಲು ಇಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಆಮೇಲೆ ಆದ ಮಾರುಕಟ್ಟೆಗೆ ಕೃಷ್ಣರಾಜೇಂದ್ರ ಒಡೆಯರ ಹೆಸರು. ಎದುರಿಗೇ ಹಳೇ ಕೋಟೆಯ ಉಳಿದ ತುಂಡು. ಇದರ ಸುತ್ತ ಹಬ್ಬಿರೋದು ಕೆಂಪೇಗೌಡರ ಪೇಟೆ, 1537ರಿಂದ ಲೆಕ್ಕ. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಈಗ ಅಲ್ಲೆಲ್ಲ ಹೆಸರಿಗೆ ತಕ್ಕ ಸಾಮಾನೇ ಸಿಗುತ್ತೆ ಅಂತಲ್ಲ. ಆದ್ರೂ ಒಂದು ಸಾಮಾನು ಬೇಕಂದ್ರೆ ಅದೇ ಸಾಮಾನಿನ ಹತ್ತು ಅಂಗಡಿ ಸಾಲಾಗಿ ಸಿಗೋ ಹಳೇ ಪದ್ಧತಿ ಇನ್ನೂ ಇದೆ. ಹೂವಿನ ಕಡೆ ಕಾಲಿಟ್ಟಿದ್ದೇ ತಡ, ಅಮ್ಮ ಎರಡು ಮೊಳ ಕನಕಾಂಬರ ಚೌಕಾಸಿ ಮಾಡಿ ತಗೊಂಡಳು. ಆರು ತಿಂಗಳಿಂದ ಮುಡಿದಿರಲಿಲ್ಲ. ಅವತ್ತೂ ಮುಡಿಯಲಿಲ್ಲ, ದೇವರಿಗೆ ಅಂತ ಚೀಲಕ್ಕೆ ಹಾಕಿದಳು.

ಹಗ್ಗದ ಅಂಗಡಿ ಒಂದು ಸಣ್ಣ ಗಲ್ಲಿಯಲ್ಲಿ. ನೈಲಾನ್, ಸೆಣಬು, ತೆಂಗಿನ ನಾರು, ಸಿಸಲ್, ಎಲ್ಲ ಸುರುಳಿ ಸುರುಳಿ ನೇತು ಹಾಕಿದ್ದಾರೆ. ನಾನು “ಹತ್ತು ಎಂಎಂ ಸಿಸಲ್” ಅಂದೆ. ಅಮ್ಮ ತುದಿ ಹಿಡಿದು ಎರಡು ಎಳೆ ಬಿಡಿಸಿ ನೋಡಿ, “ಇದು ಕತ್ತಾಳೆ ನಾರಲ್ವಾ?” ಅಂದಳು. ಅಂಗಡಿಯವರು ನಕ್ಕು, “ಅದೇ ಅಮ್ಮ, ಈಗಿನೋರು ಸಿಸಲ್ ಅಂತಾರೆ” ಅಂದ್ರು. ನಿಜವೇ. ಸಿಸಲ್ ಕತ್ತಾಳೆಯದೇ ಒಂದು ಜಾತಿ, ಮೆಕ್ಸಿಕೋದಿಂದ ಬಂದ ಗಿಡ. ನಮ್ಮ ಹೊಲದ ಬೇಲಿಗಳಲ್ಲಿ ಮುಳ್ಳು ಚಾಚಿ ನಿಂತಿರುತ್ತಲ್ಲ, ಆ ವಂಶ. ಅಮ್ಮನ ಅಜ್ಜನ ಮನೆಯಲ್ಲಿ ಕತ್ತಾಳೆ ಪಟ್ಟೆ ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ದನಕ್ಕೆ ಹಗ್ಗ ಹೊಸೀತಿದ್ರಂತೆ. ಕೊಳೆತ ನೀರಿನ ನಾತ ಹೇಗಿರುತ್ತೆ ಅಂತ ಅಂಗಡಿಯವರಿಗೂ ನಂಗೂ ಹತ್ತು ನಿಮಿಷ ವಿವರಿಸಿದಳು. ಇಷ್ಟು ಮಾತಾಡಿದ್ದನ್ನ ನಾನು ನೋಡಿ ಎಷ್ಟೋ ದಿನ ಆಗಿತ್ತು.

ಹಗ್ಗ ಇಲ್ಲಿ ಮೀಟರ್ ಲೆಕ್ಕ ಅಲ್ಲ, ತೂಕದ ಲೆಕ್ಕ. ಎಷ್ಟು ಬೇಕು ಅಂತ ಮೊದಲೇ ಗೊತ್ತಿರಬೇಕು. ನಾಲ್ಕಿಂಚಿನ ಕಂಬಕ್ಕೆ ಹತ್ತು ಎಂಎಂ ಹಗ್ಗ ಒಂದು ಸುತ್ತಿಗೆ ಸುಮಾರು 35 ಸೆಂ.ಮೀ. ಹಿಡಿಯುತ್ತೆ. ಮೂರಡಿ ಎತ್ತರಕ್ಕೆ ಹತ್ತಿರ ಹತ್ತಿರ 90 ಸುತ್ತು. ಅಲ್ಲಿಗೆ 31 ಮೀಟರ್, ಎರಡು ಕೆ.ಜಿ.ಗೆ ಸ್ವಲ್ಪ ಮೇಲೆ. ನಾನು ಕ್ಯಾಲ್ಕುಲೇಟರ್ ಒತ್ತೋ ಹೊತ್ತಿಗೆ ಅಮ್ಮ ಎರಡೂ ಕೈ ಚಾಚಿ ಮಾರು ಹಾಕ್ತಾ ಹೋಗಿ “ಇಪ್ಪತ್ತು ಮಾರು ಸಾಕಲ್ವಾ?” ಅಂದಳು. ಅಮ್ಮ ಐದಡಿ ಎತ್ತರ. ಇಪ್ಪತ್ತು ಮಾರು ಅಂದ್ರೆ ನೂರಡಿ, ಅಂದ್ರೆ ಮೂವತ್ತೂವರೆ ಮೀಟರ್. ತಕ್ಕಡಿಗೆ ಹಾಕೋ ಮುಂಚೆ ಹಗ್ಗ ಮೂಸಿ ನೋಡಿ. ಎಣ್ಣೆಯ ವಾಸನೆ ಬಂದ್ರೆ ಬೇಡ, ಬೆಕ್ಕು ಉಗುರಿಗೆ ಸಿಕ್ಕಿದ್ದನ್ನೆಲ್ಲ ಆಮೇಲೆ ನೆಕ್ಕುತ್ತೆ. ತೆಂಗಿನ ನಾರು ಅಗ್ಗ, ಆದ್ರೆ ಮನೆ ತುಂಬ ಉದುರುತ್ತೆ.

ಅಲ್ಲಿಂದ ಎಸ್.ಪಿ. ರೋಡಿಗೆ ನಡ್ಕೊಂಡೇ ಹೋಗಬಹುದು. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಿದ ಯಾರಿಗೂ ಸದರ್ ಪತ್ರಪ್ಪ ರಸ್ತೆ ಹೊಸದಲ್ಲ, ಅದರ ಬಗ್ಗೆ ನಾನೇನೂ ಹೇಳಲ್ಲ. ದಪ್ಪ ಎಲ್ ಕ್ಲಾಂಪು, ಸ್ಕ್ರೂ, ವಾಷರ್, ಕಾಲು ಗಂಟೆ ಕೆಲಸ. ಬೈಟು ಕಾಫಿಗೆ ಅದಕ್ಕಿಂತ ಹೆಚ್ಚು ಹೊತ್ತಾಯ್ತು.

ಕಂಬಕ್ಕೆ ಮಾತ್ರ ಕಂಟೋನ್ಮೆಂಟ್ ಕಡೆಗೇ ಹೋಗಬೇಕು. ಶಿವಾಜಿನಗರದ ಹತ್ತಿರದ ಬಂಬೂ ಬಜಾರ್‌ಗೆ ಆಟೋ ಹಿಡಿದ್ವಿ. ಪೇಟೆ ಒಂದು ಊರಾದ್ರೆ ಇದು ಇನ್ನೊಂದೇ ಊರು, 1809ರಲ್ಲಿ ಬ್ರಿಟಿಷರ ದಂಡು ಬಂದು ಕೂತ ಮೇಲೆ ಬೆಳೆದಿದ್ದು. ಮಾತೂ ಬದಲಾಗುತ್ತೆ, ಒಂದೇ ವಾಕ್ಯದಲ್ಲಿ ಉರ್ದು, ತಮಿಳು, ಕನ್ನಡ. ರಸ್ತೆ ಬದಿ ಬಿದಿರಿನ ಗಳ ಆಕಾಶಕ್ಕೆ ಮುಖ ಮಾಡಿ ನಿಂತಿವೆ, ಏಣಿಗಳು, ತಟ್ಟಿಗಳು, ಕಟ್ಟಡದ ಸಾರ್ವೆಗೆ ಬೇಕಾದ ನೀಲಗಿರಿ, ಸರ್ವೆ ಮರದ ಕಂಬಗಳು. ಮಳಿಗೆಯ ಯಜಮಾನರು “ಯಾವ ಸೈಟಿಗಮ್ಮ? ಎಷ್ಟು ನಂಬರ್?” ಅಂತ ಕೇಳಿದ್ರು.

“ಒಂದು. ಬೆಕ್ಕಿಗೆ.”

ಅವರು ನನ್ನ ಮುಖ ನೋಡಿದ್ರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಆಗಲೇ ಕಂಬಗಳ ರಾಶಿ ಹತ್ತಿರ ಹೋಗಿದ್ದಳು. ಸರ್ವೆ ಮರದ ನಾಲ್ಕು ಕಂಬ ಹೊರಗೆಳೆಸಿದಳು. ಒಂದು ಹಸಿ, ಬೇಡ ಅಂದಳು. ಹಸಿ ಮರ ಒಣಗಿ ಸಣ್ಣಗಾದ್ರೆ ಸುತ್ತಿದ ಹಗ್ಗ ಸಡಿಲ ಆಗುತ್ತೆ, ಅದು ನಂಗೂ ಗೊತ್ತಿತ್ತು. ಇನ್ನೊಂದರಲ್ಲಿ ಹುಳದ ತೂತು, ತಟ್ಟಿದ್ರೆ ಪುಡಿ ಉದುರ್ತು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೂರನೇದು ಸೊಟ್ಟ. ನಾಲ್ಕನೇದನ್ನ ಯಜಮಾನರೇ ಆರಡಿಗೆ ಕೊಯ್ಸಿ, ಸಿಪ್ಪೆ ಹೆರೆಸಿ ಕೊಟ್ರು. “ಬಿಲ್ಲಿಗೆ ಅಲ್ವಾ, ತಗೊಳಿ” ಅಂತ ಕೊಯ್ದ ಕೂಲಿ ಬಿಟ್ರು. ಆ ಕಂಬ ಹಿಡ್ಕೊಂಡು ಮೆಟ್ರೋಗೆ ಹೋಗೋಕಾಗುತ್ತಾ? ಲಗೇಜ್ ಆಟೋದಲ್ಲಿ ಮನೆ ಸೇರಿದ್ವಿ.

ಭಾನುವಾರ ಜೋಡಣೆ. ಕೆಲಸ ಇರೋದೆಲ್ಲ ಬುಡದಲ್ಲಿ. ಎರಡಡಿಗೆ ಎರಡಡಿ, 18 ಎಂಎಂ ಪ್ಲೈವುಡ್. ಅಡಿಯಿಂದ ನಾಲ್ಕು ಉದ್ದ ಸ್ಕ್ರೂ ಹೊಡೆದ್ರೆ ಸಾಲದು, ಮರದ ಕೊಯ್ದ ತುದಿಯಲ್ಲಿ ಸ್ಕ್ರೂ ಹಿಡಿತ ಕಮ್ಮಿ. ಸುತ್ತಲೂ ನಾಲ್ಕು ಎಲ್ ಕ್ಲಾಂಪ್ ಬೇಕು. ಗೋಡೆಗೆ ಬಿಗಿಯೋ ಹಾಗಿಲ್ಲವಾದ್ದರಿಂದ ತೂಕವೇ ನಮಗೆ ಗೋಡೆ. ಮನೆ ಹತ್ತಿರದ ಕಲ್ಲಿನ ಅಂಗಡಿಯಲ್ಲಿ ಒಂದಿಂಚು ದಪ್ಪದ ಕಡಪ ಕಲ್ಲು, ಒಂಬತ್ತಿಂಚು ಅಗಲ ಎರಡಡಿ ಉದ್ದದ್ದು ಎರಡು ಕೊಯ್ಸಿಕೊಂಡು ಕಂಬದ ಆಚೆ ಈಚೆ ಕೂರಿಸಿದ್ವಿ. ಎರಡೂ ಸೇರಿ ಸುಮಾರು 19 ಕೆ.ಜಿ. ಸುಬ್ಬಿಯ ನಾಲ್ಕು ಪಟ್ಟು. ಮೇಲೆ ಮೂರು ಹಲಗೆ, ಒಂದರ ನೇರಕ್ಕೆ ಒಂದಲ್ಲ, ಸುತ್ತು ಮೆಟ್ಟಿಲಿನ ಥರ. ಬೆಕ್ಕಿನ ಉಗುರು ಬಾಗಿರೋ ರೀತಿಗೆ ಹತ್ತೋದು ಸಲೀಸು, ತಲೆ ಕೆಳಗೆ ಮಾಡಿ ಇಳಿಯೋದು ಕಷ್ಟ. ವಯಸ್ಸಾಗ್ತಿರೋ ಬೆಕ್ಕಿಗೆ ಇಳಿಯೋಕೆ ಮೆಟ್ಟಿಲಿರಬೇಕು, ನೆಗೆತ ಅಲ್ಲ.

ಹಗ್ಗ ಸುತ್ತೋದು ಇಬ್ಬರ ಕೆಲಸ. ಒಬ್ಬರು ಕಂಬ ತಿರುಗಿಸಬೇಕು, ಒಬ್ಬರು ಎಳೆದು ಹಿಡೀಬೇಕು. ಐದಾರು ಸುತ್ತಿಗೊಮ್ಮೆ ಸುತ್ತಿಗೆಯಿಂದ ತಟ್ಟಿ ಒತ್ತಾಗಿ ಕೂರಿಸಬೇಕು, ಅಲ್ಲಲ್ಲಿ ಫೆವಿಕಾಲ್. ಅಮ್ಮ ಎಳೆದು ಹಿಡಿದಳು. ಅವಳ ಬಿಗಿ ನಂಗೆ ಬರಲಿಲ್ಲ. ಸುತ್ತುತ್ತಾ ಸುತ್ತುತ್ತಾ ಅಪ್ಪನ ಬಗ್ಗೆ ಮಾತು ಬಂತು, ಅಡಿಕೆ ಕೊಯ್ಲಿನ ಟೈಮಲ್ಲಿ ಹಗ್ಗ ಕಟ್ಟೋಕೆ ಬರದೆ ಆಳುಗಳ ಕೈಲಿ ಬೈಸ್ಕೊಳ್ತಿದ್ದ ಕಥೆ. ಇಬ್ಬರೂ ನಕ್ವಿ. ಅಪ್ಪನ ವಿಷಯಕ್ಕೆ ಈ ಮನೆಯಲ್ಲಿ ನಕ್ಕಿದ್ದು ಅದೇ ಮೊದಲು. ಎಲ್ಲ ಸೇರಿ ಮೂರೂವರೆ ಸಾವಿರ ಖರ್ಚು, ಲಗೇಜ್ ಆಟೋ, ಕನಕಾಂಬರ ಎಲ್ಲ ಲೆಕ್ಕ ಹಿಡಿದು.

ಮೊದಲ ಎರಡು ದಿನ ಸುಬ್ಬಿ ಹತ್ತಿರ ಸುಳಿಯಲಿಲ್ಲ. ನಾವೂ ಎತ್ತಿ ಕೂರಿಸಲಿಲ್ಲ. ಹಾಗೆ ಮಾಡಬಾರದು, ಅದೇ ಕಂಡುಕೊಳ್ಳಬೇಕು. ಅಮ್ಮ ಅದು ಮಲಗ್ತಿದ್ದ ಹಳೇ ಸೀರೆ ತುಂಡನ್ನ ನಡು ಹಲಗೆಗೆ ಹಾಸಿದಳು, ಅಷ್ಟೇ. ಮೂರನೇ ರಾತ್ರಿ ನಾನು ಆಫೀಸ್ ಕಾಲ್‌ನಲ್ಲಿದ್ದಾಗ ಹಾಲಿನಿಂದ ಕರ್ ಕರ್ ಅಂತ ಸದ್ದು. ಕತ್ತಾಳೆ ಹಗ್ಗಕ್ಕೆ ಉಗುರು ಸಿಕ್ಕಿಸಿ ಎಳೆಯೋ ಸದ್ದು. ಮ್ಯೂಟ್ ಮಾಡಿ ಬಾಗಿಲ ಸಂದಿಯಿಂದ ನೋಡಿದೆ. ಅಮ್ಮ ಕತ್ತಲಲ್ಲಿ ಅಲ್ಲಾಡದೆ ಸೋಫಾ ಮೇಲೆ ಕೂತಿದ್ದಳು, ಉಸಿರು ಬಿಟ್ರೆ ಎಲ್ಲಿ ಇಳಿದುಬಿಡುತ್ತೋ ಅನ್ನೋ ಹಾಗೆ. ಬೆಳಗ್ಗೆ ಎದ್ದಾಗ ಸುಬ್ಬಿ ತುದಿ ಹಲಗೆಯಲ್ಲಿತ್ತು, ಫ್ಯಾನಿನಿಂದ ದೂರ, ಬಾಗಿಲಿಗೆ ಮುಖ ಮಾಡಿ.

ಊರಿಗೆ ಹೋಗೋ ಮಾತು ನಿಂತಿಲ್ಲ. ಮೇ ತಿಂಗಳಲ್ಲಿ ಮನೆ ಗುಡಿಸಿ ಬರೋಕೆ ಒಂದು ವಾರ ಹೋಗಬೇಕಂತೆ. ಸುಬ್ಬಿಯನ್ನ ಬಸ್ಸಲ್ಲಿ ಎಳೆದಾಡೋದು ಬೇಡ, ನೀನೇ ನೋಡ್ಕೋ ಅಂತ ನಂಗೆ ಹೇಳಿದ್ದಾಳೆ. ಅದಕ್ಕೂ ಮುಂಚೆ ಬಂಬೂ ಬಜಾರ್‌ಗೆ ಇನ್ನೊಂದು ಸಲ ಹೋಗೋದಿದೆ. ಮೂರನೇ ಮಹಡಿಯ ಆಂಟಿ ಬಂದು ಮರ ನೋಡಿದ್ರು. ಅವರ ಮನೆಯಲ್ಲಿ ಎರಡು ಬೆಕ್ಕು, ಹಾಗಾಗಿ ಕಂಬವೂ ಎರಡು. ಯಾವ ಮಳಿಗೆ, ಎಷ್ಟು ಹೇಳ್ತಾರೆ, ಎಷ್ಟಕ್ಕೆ ಕೊಡ್ತಾರೆ ಅಂತ ಅಮ್ಮ ಅವರಿಗೆ ಮೆಟ್ಟಿಲಲ್ಲೇ ನಿಂತು ಹೇಳ್ತಿದ್ದಳು.